ಲಾರಿ ಕ್ಯಾಬಿನ್ ಚಂಡಿಯಾದರೆ: ಸೋರುವ ಜಾಗ ಹಿಡಿಯುವುದು, ವಾರಂಟಿಯಲ್ಲಿ ಸರಿ ಮಾಡಿಸುವುದು

ಕ್ಲೀನರ್ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ನಮ್ಮ ಡ್ರೈವರ್ ಒಂದು ಅಡಿಕೆ ಹಾಳೆ ಇಟ್ಟಿದ್ದ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅದರಲ್ಲಿ ಎರಡು ಲೋಟ ನೀರು. "ಅಣ್ಣ, ಹೊಸ ಗಾಡಿ ಅಲ್ವಾ? ಸೋರ್ತಾ ಉಂಟಲ್ಲ" ಎಂದ. ಗಾಡಿ ತೆಗೆದು ಏಳು ತಿಂಗಳಾಗಿತ್ತು. ತೆಗೆದದ್ದು ನವೆಂಬರಿನಲ್ಲಿ, ಅದು ಮಳೆ ಕಂಡದ್ದು ಜೂನಿನಲ್ಲೇ ಮೊದಲು.

ಸರ್ವಿಸ್‌ಗೆ ಕೊಂಡುಹೋದೆ. ಅಲ್ಲಿನ ಹುಡುಗ ಮುಂದಿನ ಗ್ಲಾಸಿನ ಎಡ ಮೂಲೆಗೆ ಸಿಲಿಕೋನ್ ಹಚ್ಚಿ, ಬೆರಳಲ್ಲಿ ಸವರಿ, "ಇನ್ನು ಬರುದಿಲ್ಲ ಚೇಟಾ" ಎಂದ. ಇಪ್ಪತ್ತು ನಿಮಿಷದ ಕೆಲಸ. ವಾಪಸ್ಸು ಬರುವಾಗ ಉಪ್ಪಳ ದಾಟುವ ಮೊದಲೇ ಹಾಳೆಯಲ್ಲಿ ಮತ್ತೆ ನೀರು. ಎರಡನೇ ಸಲ ಹೋದಾಗ ಬಲ ಮೂಲೆಗೂ ಹಚ್ಚಿದರು. ಮೂರನೇ ಸಲ ಹೋಗುವ ಮೊದಲು ಒಂದು ಭಾನುವಾರ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ನಾನೇ ಹುಡುಕಿದೆ. ನೀರು ಗ್ಲಾಸಿನಿಂದ ಬರುತ್ತಲೇ ಇರಲಿಲ್ಲ.

ಆ ದಿನ ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಇದಕ್ಕೆ ದೊಡ್ಡ ಸಾಮಾನು ಏನೂ ಬೇಡ. ಒಂದು ತೋಟದ ಪೈಪು, ಹಳೆ ಪೇಪರು, ಒಂದು ಟಾರ್ಚು, ಒಳಗೆ ಕೂರಲು ತಾಳ್ಮೆ ಇರುವ ಒಬ್ಬ ಜನ.

ಮೊದಲು, ಅದು ಯಾವ ನೀರು?

ಮಳೆಗಾಲದಲ್ಲಿ ಕ್ಯಾಬಿನ್ ಚಂಡಿಯಾದರೆ ಎಲ್ಲರೂ ಮಳೆಯನ್ನೇ ಬೈಯುತ್ತಾರೆ. ಆದರೆ ನೀರು ಬೇರೆ ಕಡೆಯಿಂದಲೂ ಬರಬಹುದು. 2025ರ ಅಕ್ಟೋಬರ್ 1ರಿಂದ ತಯಾರಾದ 3.5 ಟನ್ ಮೇಲಿನ ಲಾರಿಗಳ ಕ್ಯಾಬಿನಿಗೆ ಎ.ಸಿ. ಕಡ್ಡಾಯ. ನಮ್ಮ ಕರಾವಳಿಯ ಗಾಳಿಯಲ್ಲಿ ಇರುವ ತೇವಕ್ಕೆ ಎ.ಸಿ. ಒಳಗೆ ತುಂಬ ನೀರು ಕೂಡುತ್ತದೆ. ಅದು ಹೊರಗೆ ಹೋಗಲು ಒಂದು ಸಣ್ಣ ರಬ್ಬರ್ ಪೈಪು ಉಂಟು. ಅದಕ್ಕೆ ಕೆಸರು ಕಟ್ಟಿಕೊಂಡರೆ, ಅಥವಾ ಕಣಜ ಮಣ್ಣಿನ ಗೂಡು ಮಾಡಿದರೆ, ನೀರು ಹಿಂದೆ ತಿರುಗಿ ಕ್ಯಾಬಿನ್ ನೆಲಕ್ಕೆ ಬೀಳುತ್ತದೆ. ಮಳೆ ಇಲ್ಲದ ಹೊತ್ತಲ್ಲಿ ಅರ್ಧ ಗಂಟೆ ಎ.ಸಿ. ಹಾಕಿ ಗಾಡಿ ನಿಲ್ಲಿಸಿ. ಗಾಡಿಯ ಅಡಿಯಲ್ಲಿ ತೊಟ್ಟು ತೊಟ್ಟು ನೀರು ಬೀಳಬೇಕು. ಹೊರಗೆ ಬೀಳದೆ ಒಳಗೆ ಚಂಡಿಯಾದರೆ ನಿಮ್ಮ ತೊಂದರೆ ಅಲ್ಲೇ ಇದೆ, ಮುಂದಿನದ್ದು ಓದುವುದೇ ಬೇಡ.

ನೀರಿಗೆ ಬಣ್ಣ ಇದ್ದು, ಬೆರಳಿಗೆ ಜಾರುವ ಹಾಗಿದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ. ಹೀಟರ್ ಇರುವ ಕ್ಯಾಬಿನಿನಲ್ಲಿ ಹೀಟರಿನ ಪೈಪು ಅಥವಾ ಕೋರ್ ಸೋರಿದರೆ ಹೀಗಾಗುತ್ತದೆ. ಗ್ಲಾಸಿನ ಒಳಗೆ ಎಷ್ಟು ಒರೆಸಿದರೂ ಎಣ್ಣೆ ಎಣ್ಣೆ ಮಂಜು ಕೂರುವುದು ಇದರ ಇನ್ನೊಂದು ಗುರುತು. ಕೂಲೆಂಟ್ ವಿಷ, ನಾಲಿಗೆಗೆ ಮುಟ್ಟಿಸಿ ನೋಡುವ ಸಾಹಸ ಬೇಡ. ಸೋಪಿನ ವಾಸನೆ ಬಂದರೆ ವೈಪರ್ ನೀರಿನ ಟ್ಯೂಬು ಕಳಚಿರಬಹುದು.

ಇವು ಯಾವುದೂ ಅಲ್ಲದಿದ್ದರೆ ಮಳೆ ನೀರೇ.

ಯಾವಾಗ ಬರುತ್ತದೆ ಎಂದು ಬರೆದಿಡಿ

ಡ್ರೈವರ್ ಹತ್ತಿರ ಇದನ್ನು ಕೇಳಲೇಬೇಕು. ಗಾಡಿ ನಿಂತಿರುವಾಗ ಸೋರುತ್ತದೋ, ಓಡುವಾಗ ಮಾತ್ರವೋ? ನಿಂತಾಗಲೂ ಸೋರಿದರೆ ಮೇಲೆ ಎಲ್ಲೋ ತೂತು ಇದೆ, ನೀರು ತನ್ನ ಭಾರಕ್ಕೇ ಇಳಿಯುತ್ತಿದೆ. ಓಡುವಾಗ ಮಾತ್ರ ಬಂದರೆ ಗಾಳಿ ನೀರನ್ನು ಒಳಗೆ ನೂಕುತ್ತಿದೆ. ಅದು ಹೆಚ್ಚಾಗಿ ಗ್ಲಾಸಿನ ರಬ್ಬರ್, ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ), ಇಲ್ಲವೇ ಮುಂದಿನಿಂದ ಗಾಳಿ ಎಳೆಯುವ ದಾರಿ. ಹೈವೇಯ ಸರ್ವಿಸ್ ರೋಡಿನಲ್ಲಿ ನಿಂತ ನೀರಿಗೆ ಗಾಡಿ ಇಳಿಸಿದ ಮೇಲೆ ಮಾತ್ರ ನೆಲ ಚಂಡಿಯಾಗುತ್ತದೆ ಎಂದರೆ ಮೇಲೆ ನೋಡಿ ಪ್ರಯೋಜನ ಇಲ್ಲ. ನೀರು ಕೆಳಗಿನಿಂದ ಹಾರಿ ಬರುತ್ತಿದೆ. ಪೆಡಲಿನ ಹತ್ತಿರದ ರಬ್ಬರ್, ಸ್ಟೀರಿಂಗ್ ಕಂಬದ ಬೂಟು (ಬುಡದ ರಬ್ಬರ್ ಮುಚ್ಚಳ), ಗೇರ್ ಲಿವರಿನ ಬೂಟು, ವೈರಿಂಗ್ ಒಳಗೆ ಬರುವ ರಬ್ಬರ್ ಬುಷ್ ನೋಡಿ.

ಇಳಿಜಾರು ಕೂಡ ತುಂಬ ಹೇಳುತ್ತದೆ. ನಮ್ಮ ಗಾಡಿ ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಮಡಿಕೇರಿಗೆ ಹೋಗುವುದುಂಟು. ಸಂಪಾಜೆ ಘಾಟಿ ಹತ್ತುವಾಗ ಒಂದು ತೊಟ್ಟೂ ಇಲ್ಲ. ಇಳಿಯುವಾಗ ಹಾಳೆ ತುಂಬುತ್ತದೆ. ಇದನ್ನು ಡ್ರೈವರ್ ಮೊದಲೇ ಹೇಳಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗ್ಲಾಸಿನ ಕೆಳಮೂಲೆಯೇ ಸೋರುವುದಾದರೆ ಹತ್ತಿದರೂ ಇಳಿದರೂ ಸೋರಬೇಕಲ್ಲ? ಇಳಿಯುವಾಗ ಮಾತ್ರ ಬಂದರೆ ನೀರು ಹಿಂದೆಲ್ಲೋ ಒಳಗೆ ಬಿದ್ದು, ರೂಫಿನ ಲೈನಿಂಗ್ (ಒಳಹೊದಿಕೆ) ಮೇಲೆ ಮುಂದಕ್ಕೆ ಹರಿದು ಬರುತ್ತಿದೆ ಎಂದು ಅರ್ಥ. ನಿಲ್ಲಿಸುವ ಜಾಗಕ್ಕೂ ಇದೇ ಮಾತು. ಅಂಗಳ ಎಡಕ್ಕೆ ವಾಲಿದ್ದರೆ ಬಲಗಡೆ ಸೋರಿದ ನೀರೂ ಎಡಗಡೆಯೇ ಕೆರೆಯಾಗುತ್ತದೆ. ಹಾಗಾಗಿ ಪರೀಕ್ಷೆಗೆ ಸಮತಟ್ಟಾದ ಜಾಗವೇ ಬೇಕು.

ಒಣಗಿಸದೆ ಹುಡುಕಬೇಡಿ

ಮ್ಯಾಟ್ ತೆಗೆಯಿರಿ. ಅದರ ಅಡಿಯಲ್ಲಿ ಫೋಮ್ ಅಥವಾ ಫೆಲ್ಟ್ ಇರುತ್ತದೆ, ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಮೇಲೆ ಒರೆಸಿದರೆ ಒಣಗಿದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಪಚಕ್ ಎನ್ನುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬಿಸಿಲು ಎಲ್ಲಿಂದ? ನಾನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಚಪ್ಪರದ ಒಳಗೆ ಎರಡು ದಿನ ಹರಡಿದೆ. ಚಪ್ಪರ ಇಲ್ಲದವರು ಟೇಬಲ್ ಫ್ಯಾನ್ ಇಡಿ. ಕಬ್ಬಿಣದ ನೆಲವನ್ನು ಹಳೆ ಬೈರಾಸಿನಲ್ಲಿ ಒರೆಸಿ, ಕೈ ಇಟ್ಟು ನೋಡಿ.

ಪ್ಲಾಸ್ಟಿಕ್ ಕವರುಗಳನ್ನು, ಡ್ಯಾಶ್‌ಬೋರ್ಡನ್ನು ಮಾತ್ರ ನೀವು ಬಿಚ್ಚಬೇಡಿ. ಒಂದು ಕ್ಲಿಪ್ ಮುರಿದರೂ "ಹೊರಗೆ ಬಿಚ್ಚಿದ್ದೀರಿ" ಎಂಬ ಮಾತು ಬರುತ್ತದೆ. ವಾರಂಟಿ ಇರುವಾಗ ಬಿಚ್ಚುವ ಕೆಲಸ ಅವರದ್ದು.

ಫ್ಯೂಸ್ ಬಾಕ್ಸ್ ಹತ್ತಿರ ನೀರು ಕಂಡರೆ ಹುಡುಕಾಟ ಆಮೇಲೆ. ಮೊದಲು ಬ್ಯಾಟರಿಯ ಕಟ್‌ಆಫ್ ಸ್ವಿಚ್ ಆಫ್ ಮಾಡಿ. ಕನೆಕ್ಟರಿನ ಪಿನ್ನಿನಲ್ಲಿ ಹಸಿರು ಪುಡಿ ಕೂತಿದ್ದರೆ ಅದರ ಫೋಟೋ ತೆಗೆದಿಡಿ. ಆರು ತಿಂಗಳಾದ ಮೇಲೆ ಸುಮ್ನೆ ಲೈಟ್ ಮಿನುಗುವುದು, ಸೆನ್ಸರ್ ದೋಷ ತೋರಿಸುವುದು ಶುರುವಾದಾಗ ಈ ಫೋಟೋ ಬೇಕಾಗುತ್ತದೆ.

ಪೈಪು ಹಿಡಿಯುವ ಕ್ರಮ

ಒಣಗಿದ ನೆಲಕ್ಕೆ ಪೇಪರು ಹಾಸಿ. ಕ್ಯಾಬಿನಿನ ಕಂಬಗಳ ಬುಡಕ್ಕೆ, ಬಾಗಿಲಿನ ಅಂಚಿಗೆ, ಗ್ಲಾಸಿನ ಕೆಳಗೆ ಸ್ವಲ್ಪ ಮುಖದ ಪೌಡರ್ ಉದುರಿಸಿ. ನೀರು ಹರಿದರೆ ಪೌಡರಿನಲ್ಲಿ ಗೀರು ಬೀಳುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಬಾಗಿಲು, ಗ್ಲಾಸು ಎಲ್ಲ ಹಾಕಿರಬೇಕು.

ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡಬೇಕು. ಇದನ್ನು ತಪ್ಪಿಸಿದರೆ ಇಡೀ ದಿನ ವ್ಯರ್ಥ. ಮೊದಲೇ ರೂಫಿನ ಮೇಲೆ ನೀರು ಬಿಟ್ಟರೆ ಅದು ಗ್ಲಾಸು, ಬಾಗಿಲು, ವೈಪರ್ ಎಲ್ಲದರ ಮೇಲೂ ಹರಿಯುತ್ತದೆ. ಆಮೇಲೆ ಒಳಗೆ ತೊಟ್ಟು ಬಿದ್ದರೆ ಯಾವುದರಿಂದ ಎಂದು ಹೇಳುವುದು? ಬಾಗಿಲಿನ ಕೆಳ ಅಂಚಿನಿಂದ ಶುರು ಮಾಡಿ. ಆಮೇಲೆ ಬಾಗಿಲಿನ ಗ್ಲಾಸು, ವೈಪರಿನ ಬುಡ, ಮುಂದಿನ ಗ್ಲಾಸಿನ ಕೆಳ ಅಂಚು, ಪಕ್ಕದ ಅಂಚು, ಮೇಲಿನ ಅಂಚು. ಎಲ್ಲ ಮುಗಿದ ಮೇಲೆ ರೂಫು. ಒಂದೊಂದು ಜಾಗಕ್ಕೆ ಐದರಿಂದ ಹತ್ತು ನಿಮಿಷ. ಗಡಿಬಿಡಿ ಮಾಡಬೇಡಿ. ಒಳಗೆ ತಿರುಗಾಡಿ ಬರಲು ನೀರಿಗೂ ಸಮಯ ಬೇಕು.

ಪೈಪಿನ ಬಾಯಿ ಹಿಸುಕದೆ, ನೀರು ಮೆಲ್ಲ ಹರಿಯುವ ಹಾಗೆ ಬಿಡಿ. ವಾಟರ್ ಸರ್ವಿಸಿನ ಗನ್ ಬೇಡವೇ ಬೇಡ, ಅದು ಸರಿ ಇರುವ ರಬ್ಬರಿನ ಅಡಿಗೂ ನೀರು ನುಗ್ಗಿಸುತ್ತದೆ. ಅಡಿಕೆಗೆ ಮದ್ದು ಬಿಡುವ ಪಂಪು ಮನೆಯಲ್ಲೇ ಉಂಟಲ್ಲ ಎಂದು ಅದನ್ನು ತರುವವರೂ ಇದ್ದಾರೆ. ಅದರ ಒತ್ತಡವೂ ಜಾಸ್ತಿ. ಮೇಲಾಗಿ ಪೈಪಿನಲ್ಲಿ ಉಳಿದ ಮೈಲುತುತ್ತಿನ ನೀರು ಬಣ್ಣಕ್ಕೂ ಕಬ್ಬಿಣಕ್ಕೂ ಒಳ್ಳೆಯದಲ್ಲ. ಗುರುತು ಸಿಗಲಿ ಎಂದು ನೀರಿಗೆ ಅರಿಶಿನ ಹಾಕುವುದೂ ಬೇಡ. ರೂಫಿನ ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ.

ನಮ್ಮ ಗಾಡಿಯಲ್ಲಿ ಬಾಗಿಲಿಗೆ ಹತ್ತು ನಿಮಿಷ, ಗ್ಲಾಸಿನ ಸುತ್ತ ಇಪ್ಪತ್ತೈದು ನಿಮಿಷ ನೀರು ಬಿಟ್ಟೆವು. ಪೇಪರು ಒಣಗಿಯೇ ಇತ್ತು. ರೂಫಿಗೆ ಹತ್ತಿ, ಎಡಗಡೆಯ ಜಾಯಿಂಟ್ ಮೇಲೆ ಪೈಪು ಇಟ್ಟು ಮೂರು ನಿಮಿಷ ಆಗಿತ್ತೋ ಇಲ್ಲವೋ, ಒಳಗಿದ್ದ ಡ್ರೈವರ್ ಬಾಗಿಲು ಬಡಿದ. ಎಡ ಕಂಬದ ಕವರಿನ ಅಡಿಯಿಂದ ಒಂದು ಸಣ್ಣ ಗೆರೆಯಾಗಿ ನೀರು ಇಳಿದು, ಪೌಡರನ್ನು ಸೀಳಿಕೊಂಡು, ಹಾಳೆ ಇಡುತ್ತಿದ್ದ ಜಾಗಕ್ಕೇ ಬಂತು. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಹೊರಗೆ ಪೈಪು ಇಟ್ಟ ಜಾಗ, ಒಳಗೆ ಬೀಳುವ ನೀರು, ಕೊನೆಗೆ ಮೀಟರಿನಲ್ಲಿ ಓಡಿದ ಕಿಲೋಮೀಟರು, ಎಲ್ಲ ಒಂದೇ ವಿಡಿಯೋದಲ್ಲಿ, ಎಲ್ಲೂ ನಿಲ್ಲಿಸದೆ.

ಓಡುವಾಗ ಮಾತ್ರ ಸೋರುವ ಗಾಡಿಗೆ ಈ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಆಗ ಸೋಪಿನ ನೀರು. ಎಲ್ಲ ಬಾಗಿಲು ಗ್ಲಾಸು ಹಾಕಿ, ಬ್ಲೋವರನ್ನು ಹೊರಗಿನ ಗಾಳಿ ಎಳೆಯುವ ಕಡೆಗೆ ತಿರುಗಿಸಿ, ಪೂರ್ತಿ ಜೋರಿಗೆ ಇಡಿ. ಒಳಗಿನ ಗಾಳಿ ಸಂದಿ ಹುಡುಕಿ ಹೊರಗೆ ಬರುತ್ತದೆ. ಹೊರಗಿನಿಂದ ರಬ್ಬರಿನ ಅಂಚಿಗೆ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚುತ್ತಾ ಹೋಗಿ. ಗುಳ್ಳೆ ಎದ್ದ ಕಡೆ ಚಾಕ್‌ನಲ್ಲಿ ಗುರುತು ಹಾಕಿ. ಬಾಗಿಲಿನ ಬೀಡಿಂಗ್ ನೋಡಲು ಹತ್ತು ರೂಪಾಯಿ ನೋಟು ಸಾಕು. ನೋಟು ಅಡ್ಡ ಇಟ್ಟು ಬಾಗಿಲು ಹಾಕಿ ಎಳೆದರೆ ಹಿಡಿದುಕೊಂಡ ಹಾಗೆ ಬರಬೇಕು. ಸುಲಭವಾಗಿ ಜಾರಿ ಬಂದರೆ ಅಲ್ಲಿ ಬೀಡಿಂಗ್ ಕೂತಿಲ್ಲ, ಇಲ್ಲವೇ ಬಾಗಿಲೇ ತಗ್ಗಿದೆ.

ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳು

ರೂಫಿನ ಮೇಲೆ ಕಬ್ಬಿಣದ ಹಾಳೆಗಳು ಕೂಡುವ ಜಾಯಿಂಟ್, ಟಾಪ್ ಲೈಟಿನ ಅಡಿಯ ಗ್ಯಾಸ್ಕೆಟ್, ಏರಿಯಲ್ (ಆಂಟೆನಾ) ಬುಡ, ಹೊರಗಿನ ಸನ್ ವೈಸರಿನ ಬೋಲ್ಟು. ಆಮೇಲೆ ನಾವೇ ಕೊರೆಸಿದ ತೂತುಗಳು. ಹೆಸರಿನ ಬೋರ್ಡ್, ಕ್ಯಾರಿಯರ್, ಜೋರಿನ ಹಾರ್ನ್ ಎಂದು ಗಾಡಿ ತೆಗೆದ ವಾರದಲ್ಲೇ ರೂಫಿಗೆ ಡ್ರಿಲ್ ಇಡುತ್ತೇವಲ್ಲ, ಅವು. ಇದರ ಬಗ್ಗೆ ಕೆಳಗೆ ಹೇಳುತ್ತೇನೆ.

ಬಾಗಿಲಿನ ಒಳಗೆ ನೀರು ಇಳಿಯುವುದು ದೋಷವೇ ಅಲ್ಲ. ಗ್ಲಾಸಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿದು ಕೆಳಗಿನ ತೂತುಗಳಿಂದ ಹೊರಗೆ ಹೋಗುವ ಹಾಗೆಯೇ ಅದನ್ನು ಮಾಡಿದ್ದಾರೆ. ಆ ತೂತು ಕಟ್ಟಿದರೆ ತೊಂದರೆ. ಮುರಕಲ್ಲು ಸಾಗಿಸುವ ಗಾಡಿಗಳಲ್ಲಿ ಕೆಂಪು ಧೂಳು ಮಳೆಗೆ ಸಿಕ್ಕಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ತೆಗೆದು ತೂತಿಗೆ ಚುಚ್ಚಿ. ಬಾಗಿಲು ಹಾಕುವಾಗ ಒಳಗೆ ಬಳಬಳ ಸದ್ದು ಬಂದರೆ ಈಗಲೇ ಚುಚ್ಚಿ. ಬಾಗಿಲಿನ ಒಳ ಕವರಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯೂ ಇರುತ್ತದೆ. ಸ್ಪೀಕರ್ ಕೂರಿಸುವವರು ಅದನ್ನು ಹರಿದು ಹಾಗೆಯೇ ಬಿಟ್ಟರೆ ನೀರು ಸೀದಾ ಕ್ಯಾಬಿನಿಗೆ. ವೈಪರಿನ ಬುಡದ ಜಾಲಿಯಲ್ಲಿ ಎಲೆ, ಮಾವಿನ ಹೂ ಕೂತು ಕೊಳೆತರೂ ಹೀಗೇ. ಮರದ ಅಡಿ ಗಾಡಿ ನಿಲ್ಲಿಸುವವರು ಇದನ್ನು ಮೊದಲು ನೋಡಿ, ಇದಕ್ಕೆಲ್ಲ ವಾರಂಟಿ ಬೇಡ.

ಸಿಲಿಕೋನ್ ಎಂಬ ಉಪದ್ರ

ಟ್ಯೂಬ್ ಹಿಡಿದುಕೊಂಡು ಬರುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ. ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಬಣ್ಣ ಎದ್ದ ಕಬ್ಬಿಣಕ್ಕೆ ಅದು ತುಕ್ಕು ಹಿಡಿಸುತ್ತದೆ. ಒಮ್ಮೆ ಸಿಲಿಕೋನ್ ಕೂತ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ, ಕಂಪನಿ ಬಳಸುವ ಪಾಲಿಯುರೆಥೇನ್ ಸೀಲೆಂಟ್ ಸಹ ಹಿಡಿಯುವುದಿಲ್ಲ. ಎಲ್ಲವನ್ನೂ ಕೆರೆದು ತೆಗೆಯಬೇಕು. ಇನ್ನೊಂದು ತೊಂದರೆ, ಹೊರಗಿನ ಒಂದು ಸಂದಿ ಮುಚ್ಚಿದರೆ ಒಳಗೆ ಸೇರಿದ ನೀರು ಹೊರಗೆ ಹೋಗುವ ದಾರಿಯೂ ಮುಚ್ಚಬಹುದು. ನೀರು ಬೇರೆ ಕಡೆ ಎದ್ದು ಬರುತ್ತದೆ. "ಮೊದಲಿನದ್ದು ಸರಿಯಾಯ್ತು, ಇದು ಬೇರೆ ಲೀಕು" ಎಂದು ಹೇಳಲು ಅವರಿಗೆ ಒಂದು ನೆಪ.

ವಾರಂಟಿ ಇರುವ ಗಾಡಿಗೆ ಮನೆಯಲ್ಲಿ, ಪೇಟೆಯ ಗ್ಯಾರೇಜಿನಲ್ಲಿ ಏನೂ ಹಚ್ಚಿಸಬೇಡಿ. ಮಳೆ ನಿಲ್ಲದೆ ತುರ್ತಾಗಿ ಏನಾದರೂ ಮಾಡಲೇಬೇಕಾದರೆ ಹೊರಗಿನಿಂದ ಅಗಲದ ಟೇಪು ಅಂಟಿಸಿ. ಅದನ್ನು ಕೀಳಬಹುದು.

ಸರ್ವಿಸ್ ಸೆಂಟರಿನಲ್ಲಿ

ಜಾಬ್ ಕಾರ್ಡಿನಲ್ಲಿ (ದೂರು, ಮಾಡುವ ಕೆಲಸ ಬರೆಯುವ ಚೀಟಿ) ಏನು ಬರೆಯುತ್ತಾರೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ನನ್ನ ಮೊದಲ ಎರಡು ಕಾರ್ಡಿನಲ್ಲಿ ಬರೆದದ್ದು ಸುಮ್ನೆ "ವಾಟರ್ ಲೀಕ್ ಚೆಕ್" ಎಂದು. ಮೂರನೇ ಸಲ ನಾನು ಹೇಳಿ ಬರೆಸಿದೆ: "ರೂಫಿನ ಎಡ ಜಾಯಿಂಟ್ ಮೇಲೆ ನೀರು ಬಿಟ್ಟಾಗ ಎಡ ಕಂಬದಿಂದ ಕ್ಯಾಬಿನ್ ನೆಲಕ್ಕೆ ನೀರು ಬರುತ್ತದೆ. ಮೂರನೇ ಸಲದ ದೂರು. ವಿಡಿಯೋ ಇದೆ." ಕಾರ್ಡಿನಲ್ಲಿ ಅವರು ಯಾವ ಭಾಷೆಯಲ್ಲಾದರೂ ಬರೆಯಲಿ, ಸಹಿ ಹಾಕುವ ಮೊದಲು ಓದಿಸಿ ಕೇಳಿ. ಪ್ರತಿ ಸಲವೂ ಹೊಸ ಜಾಬ್ ಕಾರ್ಡ್ ಬೇಕು. "ಐದು ನಿಮಿಷದ ಕೆಲಸ, ಕಾರ್ಡ್ ಯಾಕೆ" ಎಂದರೆ ಒಪ್ಪಬೇಡಿ. ಕಾರ್ಡ್ ಇಲ್ಲದೆ ಹೋದರೆ ಅದು ಹೋದ ಲೆಕ್ಕಕ್ಕೇ ಬರುವುದಿಲ್ಲ.

ವಾರಂಟಿ ಪುಸ್ತಕ ಓದಿ ಹೋಗಿ. ಕ್ಯಾಬಿನಿನ ಬಾಡಿಯ ವಾರಂಟಿ ಎಷ್ಟು ಕಾಲ, ರಬ್ಬರ್ ಭಾಗಗಳಿಗೆ ಎಷ್ಟು, ಯಾವುದಕ್ಕೆ ಇಲ್ಲ ಎಂಬುದು ಪ್ರತಿ ಕಂಪನಿಯಲ್ಲೂ ಬೇರೆ ಬೇರೆ. ಸವೆದು ಹೋಗುವ ರಬ್ಬರನ್ನು ಬೇಗ ಹೊರಗಿಡುತ್ತಾರೆ. ಆದರೆ ಫ್ಯಾಕ್ಟರಿಯಲ್ಲಿ ಹಾಕಿದ ಸೀಲೆಂಟಿನಲ್ಲಿ ಬಿಟ್ಟ ಸಂದಿಯನ್ನು ಸವೆತ ಎನ್ನಲು ಬರುವುದಿಲ್ಲ. ಬರೀ ಚಾಸಿ (ಕ್ಯಾಬಿನ್ ಇಲ್ಲದ ಗಾಡಿ) ಕೊಂಡು ಕ್ಯಾಬಿನನ್ನು ಊರಿನ ಬಾಡಿ ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದರೆ ಕಂಪನಿಯನ್ನು ಕೇಳಿ ಫಲ ಇಲ್ಲ, ಕಟ್ಟಿದವರ ಹತ್ತಿರವೇ ಹೋಗಬೇಕು. ಹೊರಗೆ ಗ್ಲಾಸ್ ಬದಲಿಸಿದ್ದರೆ ಆ ಗ್ಲಾಸಿನ ಸೋರಿಕೆ ಗ್ಲಾಸ್ ಹಾಕಿದವರದ್ದು.

ನನ್ನ ಗಾಡಿಯ ರೂಫ್ ಲೈನಿಂಗ್ ಇಳಿಸಿದಾಗ ಎರಡು ವಿಷಯ ಹೊರಬಂತು. ಜಾಯಿಂಟಿನ ಸೀಲೆಂಟಿನಲ್ಲಿ ಒಂದು ಬೆಂಕಿಕಡ್ಡಿ ಉದ್ದದ ಸಂದಿ. ಅದರಿಂದ ಒಂದು ಗೇಣು ಆಚೆ, ನಾವು ಹೆಸರಿನ ಬೋರ್ಡಿಗೆಂದು ಹೊಡೆಸಿದ ಎರಡು ಸ್ಕ್ರೂ. ಅವುಗಳ ಸುತ್ತಲೂ ತುಕ್ಕಿನ ಉಂಗುರ. ಸರ್ವಿಸ್ ಸೆಂಟರಿನ ಅಡ್ವೈಸರ್ ನೋಡಿದ್ದು ಸ್ಕ್ರೂವನ್ನೇ. "ನೋಡಿ ಚೇಟಾ, ನೀವೇ ತೂತು ಮಾಡಿದ್ದು, ಕ್ಲೇಮ್ ಹೋಗುದಿಲ್ಲ." ಆಗ ವಿಡಿಯೋ ತೋರಿಸಿದೆ. ಪೈಪು ಇದ್ದದ್ದು ಜಾಯಿಂಟ್ ಮೇಲೆ, ಬೋರ್ಡಿನ ಕಡೆಗೆ ನೀರು ಹೋಗಿಯೇ ಇರಲಿಲ್ಲ. ಸ್ಕ್ರೂ ಎರಡಕ್ಕೂ ಟೇಪು ಅಂಟಿಸಿ ಅವರ ಎದುರಿಗೇ ಮತ್ತೆ ನೀರು ಬಿಡಿಸಿದೆ. ಸಂದಿಯಿಂದ ತೊಟ್ಟಿಕ್ಕಿತು. ಸ್ಕ್ರೂವಿನ ಖರ್ಚು ನನ್ನದು, ಜಾಯಿಂಟ್ ನಿಮ್ಮದು ಎಂದೆ. ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಂಡರೆ ಮಾತು ಬೇಗ ಮುಗಿಯುತ್ತದೆ, ಇದು ನನ್ನ ಅನುಭವ. ಕ್ಲೇಮ್ ಪಾಸಾಯಿತು. ಮೊದಲು ಹಚ್ಚಿದ ಸಿಲಿಕೋನ್ ಕೆರೆಯಲು ಮಾತ್ರ ಅವರಿಗೆ ಅರ್ಧ ದಿನ ಬೇಕಾಯಿತು.

ಅಷ್ಟಾದರೂ ಒಪ್ಪದಿದ್ದರೆ, ತಿರಸ್ಕರಿಸಿದ ಕಾರಣವನ್ನು ಬರೆದು ಕೊಡಲು ಕೇಳಿ. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರಿಗೆ ಜಾಬ್ ಕಾರ್ಡುಗಳ ಪ್ರತಿ ಸಮೇತ ಮೇಲ್ ಹಾಕಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಮೇಲಿನ ಮೆಟ್ಟಿಲು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷ ರೂಪಾಯಿವರೆಗೆ ಕೊಟ್ಟು ತೆಗೆದ ವಸ್ತುವಿನ ದೂರು ಅಲ್ಲೇ ನಡೆಯುತ್ತದೆ. ತೊಂದರೆ ಶುರುವಾಗಿ 2 ವರ್ಷದೊಳಗೆ ಕೊಡಬೇಕು. ಲಾರಿ ವ್ಯಾಪಾರದ ವಸ್ತು, ನೀವು ಗ್ರಾಹಕರೇ ಅಲ್ಲ ಎಂಬ ವಾದ ಅಲ್ಲಿ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ತೆಗೆದವರಿಗೆ ರಿಯಾಯಿತಿ ಉಂಟು. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವರಿಗೆ ಇದು ಆಧಾರ. ಹತ್ತು ಗಾಡಿ ಇರುವವರಿಗೆ ಕಷ್ಟ.

ಗಾಡಿ ವಾಪಸ್ಸು ತರುವ ಮೊದಲು

ಸೀಲೆಂಟ್ ಹಾಕುವಾಗ ಜಾಗ ಪೂರ್ತಿ ಒಣಗಿರಬೇಕು, ಪ್ರೈಮರ್ ಹಚ್ಚಿರಬೇಕು. ಪಾಲಿಯುರೆಥೇನ್ ಒಣಗುವುದು ನಿಧಾನ, ದಿನಕ್ಕೆ ಸುಮಾರು 3 ಮಿಲಿಮೀಟರ್ ದಪ್ಪ. ಸಂಜೆ ಹಚ್ಚಿ ಸಂಜೆಯೇ ಕಳಿಸುತ್ತೇವೆ ಎಂದರೆ ಬೇಡ ಎನ್ನಿ, ಒಂದು ರಾತ್ರಿ ಅಲ್ಲೇ ಇರಲಿ. ಮರುದಿನ ಲೈನಿಂಗ್ ಹಾಕುವ ಮೊದಲೇ ನಿಮ್ಮ ಎದುರು ಇಪ್ಪತ್ತು ನಿಮಿಷ ನೀರು ಬಿಡಿಸಿ, "ನೀರಿನ ಪರೀಕ್ಷೆ ಮಾಡಿದೆ" ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಚಂಡಿಯಾದ ಫೆಲ್ಟ್ ಒಣಗಿಸಿಯೇ ಹಾಕಲಿ. ಹಸಿಯಾಗಿ ಹಾಕಿದರೆ ಕ್ಯಾಬಿನ್ ಬೂಸಲು ವಾಸನೆ ಬರುತ್ತದೆ, ಅಡಿಯಲ್ಲಿ ನೆಲ ತುಕ್ಕು ಹಿಡಿಯುತ್ತದೆ.

ಬೇಸಿಗೆಯಲ್ಲಿ ಗಾಡಿ ತೆಗೆದವರು ಮಳೆಗೆ ಕಾಯಬೇಡಿ. ಏಪ್ರಿಲ್ ಮಧ್ಯದಲ್ಲಿ ಬರುವ ಬಿಸು ಹಬ್ಬದ ಹೊತ್ತಿಗೆ ಒಂದು ಸಲ ಪೈಪು ಹಿಡಿದು ನೋಡಿ. ವಾರಂಟಿ ಮೇ ತಿಂಗಳಲ್ಲಿ ಮುಗಿಯುವ ಗಾಡಿಗಂತೂ ಇದು ಬೇಕೇ ಬೇಕು.

ನಾನು ಮನೆಗೆ ತಂದ ಮೇಲೂ ಹದಿನೈದು ದಿನ ಮ್ಯಾಟ್ ಹಾಕಲಿಲ್ಲ. ನೆಲಕ್ಕೆ ಬರೀ ಪೇಪರು. ಡ್ರೈವರ್ ದಿನಾ ರಾತ್ರಿ ಅದರ ಫೋಟೋ ಕಳಿಸುತ್ತಿದ್ದ. ಹನ್ನೊಂದನೇ ದಿನ ಒಂದು ಮೂಲೆ ಚಂಡಿ. ನನಗೆ ಎದೆ ಧಸಕ್ ಎಂದಿತು. ಫೋನ್ ಮಾಡಿದರೆ, "ಅದು ನನ್ನ ಕೊಡೆಯ ನೀರು ಅಣ್ಣ" ಎಂದ.